ದಡಿಯನ ಅಕ್ಷರದಲ್ಲಿ ಅಣ್ಣ

ಅವಳ ಅಂಗಡಿಗೆ ಪೋಸ್ಟರು, ಬೋರ್ಡು ಮಾಡಿಸಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಅಕ್ಕಾ, ಅದೇ ಹಾಕಿ, ಆ ದಪ್ಪಂದು." ದಪ್ಪಂದು ಎಂದರೆ ಒಂದು ಫಾಂಟು. ಅಗಲ ಬ್ರಷ್ಷಿನಲ್ಲಿ ಯಾರೋ ಅವಸರವಾಗಿ ಗೋಡೆಯ ಮೇಲೆ ಬರೆದ ಹಾಗೆ ಕಾಣುವ, ಅಂಚು ತರಿತರಿಯಾದ, ಡೊಳ್ಳುಹೊಟ್ಟೆಯ ಅಕ್ಷರಗಳು. ಅವಳು ಅದಕ್ಕೆ ದಡಿಯ ಎಂದು ಹೆಸರಿಟ್ಟಿದ್ದಳು. ಪಂಕ್ಚರ್ ಅಂಗಡಿಗೂ ದಡಿಯ, ಟ್ಯೂಷನ್ನಿಗೂ ದಡಿಯ, ಚಪ್ಪಲಿ ಸೇಲಿಗೂ ದಡಿಯ. ಹಲ್ಲಿನ ಡಾಕ್ಟರೊಬ್ಬ ತನ್ನ ಬೋರ್ಡಿಗೂ ಅದೇ ಬೇಕೆಂದ. "ಇದರಲ್ಲಿ ಹಾಕಿದ್ರೆ ಹಲ್ಲು ಕೀಳೋರಲ್ಲ, ಹಲ್ಲು ಮುರಿಯೋರು ಅನ್ಕೋತಾರೆ ಡಾಕ್ಟ್ರೇ," ಅಂದಳು. ಆ ಮಹಾರಾಯ ನಕ್ಕು ಅದನ್ನೇ ಮಾಡಿಸಿಕೊಂಡು ಹೋದ.

ಊರಿಗೆಲ್ಲ ಅವಳು ಡಿಟಿಪಿ ಅಕ್ಕ. ಹದಿನೆಂಟು ವರ್ಷ ಅದೇ ಕುರ್ಚಿ, ಅದೇ ಪರದೆ. ಸಂಜೆಯಾಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣು ಉರಿಯುತ್ತಿತ್ತು, ಯಾರ ಜೊತೆಯೂ ಮಾತು ಬೇಡವಾಗುತ್ತಿತ್ತು. ಆದರೆ ಮಾತಾಡದೆ ಇರುವ ಹಾಗಿರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಅಣ್ಣ ಇದ್ದ. ಐವತ್ತು ದಾಟಿದ ಆಳು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಅಮ್ಮ ಹೋದ ಮೇಲೆ ಅವನಿಗೆ ಸ್ನಾನ, ಊಟ, ಅಂಗಿಯ ಗುಂಡಿ ಹಾಕುವುದು ಎಲ್ಲ ಇವಳೇ. ಹಿಂದೊಮ್ಮೆ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು, "ಅಣ್ಣನ್ನ ಎಲ್ಲಾದ್ರೂ ಸೇರಿಸಿಬಿಡಿ," ಅಂದರು. "ಜಾಗ ಗೊತ್ತಿದ್ರೆ ನೀವೇ ಹೋಗಿ ಸೇರ್ಕೊಳ್ಳಿ," ಅಂತ ಎದ್ದುಬಂದಳು. ಹಾಗಂತ ಅವಳೇನು ದೇವತೆಯಲ್ಲ. ಅಣ್ಣನೆಂದರೆ ಪ್ರಾಣ, ಜೊತೆಗೆ ಸಾಕುಸಾಕಾಗಿಯೂ ಹೋಗಿತ್ತು. ಎಷ್ಟೋ ದಿನ ಸುಮ್ಮಸುಮ್ಮನೆ ಗದರಿಬಿಡುತ್ತಿದ್ದಳು.

ಒಂದು ಸೋಮವಾರ ಮಧ್ಯಾಹ್ನ ಪೇಪರ್ ಮುಗಿಯಿತು. "ಅಣ್ಣಾ, ಇಲ್ಲೇ ಕೂತಿರು, ಪೇಪರ್ ತಗೊಂಡು ಈಗ ಬಂದೆ," ಎಂದು ಹೋದಳು. ಕಾಲು ಗಂಟೆಯಲ್ಲಿ ತಿರುಗಿ ಬಂದರೆ ಕುರ್ಚಿ ಖಾಲಿ. ಬೀದಿ ಬೀದಿ ಅಲೆದಳು, ಠಾಣೆಯಲ್ಲಿ ದೂರು ಬರೆಸಿದಳು, ಕತ್ತಲಾಗುವ ಮೊದಲು ಬಂದು ಕಂಪ್ಯೂಟರಿನ ಮುಂದೆ ಕೂತಳು. ಕೈ ತನ್ನಷ್ಟಕ್ಕೆ ತಾನು ಓಡಿತು. ಹಳದಿ ಹಿನ್ನೆಲೆ, ಕೆಂಪು ದಡಿಯ: "ಕಾಣೆಯಾಗಿದ್ದಾರೆ." ಕೆಳಗೆ ಫೋಟೋ, ಫೋನ್ ನಂಬರು. ಯಾವ ಅಕ್ಷರ ಹಾಕಲಿ ಎಂದು ಅವಳು ಯೋಚಿಸಲೂ ಇಲ್ಲ. ಮರುದಿನ ಬೆಳಕು ಹರಿಯುವಾಗಲೇ ಮಾರ್ಕೆಟ್ಟು, ಆಸ್ಪತ್ರೆ, ಬಸ್ ಸ್ಟ್ಯಾಂಡು ಎಲ್ಲ ಕಡೆ ಅಂಟಿಸಿ ಬಂದಳು.

ಆಮೇಲೆ ಫೋನನ್ನು ಕೈಯಿಂದ ಬಿಡಲಿಲ್ಲ. ಇಡೀ ದಿನಕ್ಕೆ ಬಂದಿದ್ದು ಒಂದೇ ಕರೆ. "ಹಲೋ, ಮಾರ್ಕೆಟ್ ಹತ್ರ ನಂಬರ್ ನೋಡ್ದೆ. ಆಫರ್ ಯಾವತ್ತಿನ ತನಕ ಮೇಡಂ?" ಅವಳು ಬಾಯಿಗೆ ಬಂದ ಹಾಗೆ ಬೈದು ಇಟ್ಟಳು.

ಬುಧವಾರ ಬೆಳಿಗ್ಗೆ ತಡೆಯಲಾಗದೆ, ಉಳಿದ ಪೋಸ್ಟರು, ಗೋಂದು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಅವಳ ಪೋಸ್ಟರು ಟೀ ಅಂಗಡಿಯ ಗೋಡೆಯ ಮೇಲೇ ಇತ್ತು. "ಇವರನ್ನ ನೋಡಿದ್ರಾ?" ಎಂದು ಟೀಯವನನ್ನು ಕೇಳಿದಳು.

"ಏನಕ್ಕಾ ಅದು, ಸೇಲಾ?" ಎಂದು ಅವನು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಬಂದವನು ಫೋಟೋ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯಯ್ಯೋ! ಇವರು ನಿನ್ನೆ ಸಂಜೆ ತನಕ ಇಲ್ಲೇ, ಇದರ ಕೆಳಗೇ ಕೂತಿದ್ರಲ್ಲ! ನಾನೇ ಬನ್ ಕೊಟ್ಟೆ. ಆಮೇಲೆ ಐದೂವರೆ ಬಸ್ ಹತ್ಬಿಟ್ರು."

ಅವಳು ತಿರುಗಿ ಗೋಡೆ ನೋಡಿದಳು. ಪಕ್ಕದಲ್ಲಿ ಚಪ್ಪಲಿ ಸೇಲು, ಮೇಲೆ ಟ್ಯೂಷನ್ನು, ಕೆಳಗೆ ಬಾಡಿಗೆ ಮನೆ, ನಡುವೆ ಅಣ್ಣ. ಎಲ್ಲ ಅದೇ ಹಳದಿ, ಅದೇ ಕೆಂಪು, ಅದೇ ದಡಿಯ. ಯಾರನ್ನು ಬೈಯುವುದು? ಇಡೀ ಗೋಡೆ ತುಂಬಿಸಿದವಳು ಅವಳೇ.

"ಪೆನ್ನಿದ್ರೆ ಕೊಡಿ," ಎಂದು ಕೈ ಚಾಚಿದಳು. ಪೋಸ್ಟರಿನಿಂದ ಫೋಟೋ ಹರಿದು ಇನ್ನೊಂದರ ಬಿಳಿ ಬೆನ್ನಿಗೆ ಅಂಟಿಸಿದಳು. ಸಹಿ ಬಿಟ್ಟು ಬೇರೇನಾದರೂ ಕೈಯಲ್ಲಿ ಬರೆದು ಎಷ್ಟು ಕಾಲವಾಗಿತ್ತೋ, ಅಕ್ಷರ ಸೊಟ್ಟಸೊಟ್ಟಗೆ ಬಂತು. "ಇವನು ನನ್ನ ಅಣ್ಣ. ಮನೆ ಎಲ್ಲಿ ಅಂತ ಕೇಳಿದರೆ ಹೇಳೋಕೆ ಬರಲ್ಲ. ದಯವಿಟ್ಟು ಗದರಬೇಡಿ. ಕೂರಿಸಿಕೊಂಡು ಫೋನ್ ಮಾಡಿ, ಬರ್ತೀನಿ." ಕೆಳಗೆ ತನ್ನ ನಂಬರು ಬರೆದಳು. ಅಂಥವು ಆರು ಮಾಡಿ ಆ ದಾರಿಯ ಕಂಡಕ್ಟರುಗಳಿಗೆ ಹಂಚಿದಳು. ಮೊದಲನೆಯವನು ಸೀಟಿ ಬಾಯಲ್ಲಿಟ್ಟುಕೊಂಡೇ ಪೂರ್ತಿ ಓದಿದ, ಆಮೇಲೆ ಡ್ರೈವರಿಗೂ ಓದಿ ಹೇಳಿದ.

ನಾಲ್ಕು ಗಂಟೆಗೆ ಅವನದೇ ಫೋನು. "ಇದ್ದಾರಮ್ಮ, ಕೊನೇ ಸ್ಟಾಪಿನಲ್ಲಿ. ಬೇಗ ಬನ್ನಿ."

ಎರಡು ಗಂಟೆಯ ದಾರಿ. ಅಣ್ಣ ಬೆಂಚಿನ ಮೇಲೆ ಕೂತಿದ್ದ. ಒಂದು ಚಪ್ಪಲಿ ಇರಲಿಲ್ಲ, ಪಾದ ಬಾತುಕೊಂಡಿತ್ತು. ಇವಳನ್ನು ಕಂಡವನೇ ಮುಖ ಗಂಟಿಕ್ಕಿದ.

"ಎಲ್ ಹೋಗಿದ್ದೆ ಪುಟ್ಟೀ? ಪೇಪರ್ ತರೋಕೆ ಇಷ್ಟು ಹೊತ್ತಾ? ನಾನು ಎಷ್ಟು ಹುಡುಕ್ದೆ ಗೊತ್ತಾ!"

ಅವಳು ಅವನ ಪಾದ ಹಿಡಿದು ನೆಲದ ಮೇಲೇ ಕೂತುಬಿಟ್ಟಳು. ಅಳು ತಡೆಯಲಾಗಲಿಲ್ಲ.

"ತಪ್ಪಾಯ್ತು ಅಣ್ಣಾ. ಇನ್ನು ಎಲ್ಲೂ ಹೋಗಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ," ಅಂದಳು. ನಿಜವೇ ಆಗಿತ್ತು. ಇವನನ್ನು ಬಿಟ್ಟು ಈ ಜನ್ಮದಲ್ಲಿ ಅವಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ.