ನೋವು ಬಂದಾಗ ಒಂದು ನುಂಗು

ನಿಟ್ಟೂರಿನ ಕಡೆಯ ಜನಕ್ಕೆ ಒಂದೇ ಒಂದು ಮಾತು ಸಾಕು, ಹುಟ್ಟಿದಲ್ಲಿಂದ ಸಾಯುವ ತನಕ ನಡೆಯುತ್ತದೆ: ಅಡ್ಡಿಲ್ಲ. ಗದ್ದೆ ಹೆಂಗೈತೆ ಎಂದರೆ ಅಡ್ಡಿಲ್ಲ. ಹೊಸ ಸೊಸೆ ಹೆಂಗೆ ಎಂದರೆ ಅಡ್ಡಿಲ್ಲ. ಹಾಸಿಗೆ ಹಿಡಿದು ಗೊರಗೊರ ಎನ್ನುವ ಮುದುಕನನ್ನು ಮಾತಾಡಿಸಿದರೂ, ಅವನು ಕಷ್ಟಪಟ್ಟು ಕಣ್ಣು ಬಿಟ್ಟು ಅಡ್ಡಿಲ್ಲ ಎಂದು ಹೇಳಿಯೇ ಮತ್ತೆ ಮುಚ್ಚುತ್ತಾನೆ.

ಈ ಮಾತು ಬಾಯಿಗೆ ಬಾರದವನು ಆ ಸೀಮೆಗೆಲ್ಲ ಒಬ್ಬನೇ ಇದ್ದ. ಹುರುಳಿಕಟ್ಟೆ ಅಂಜನಪ್ಪನ ತಮ್ಮ ಜಟ್ಟಿಂಗಪ್ಪ. ಹೊಸ ಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ ಅದು. ಜಟ್ಟಿಂಗಪ್ಪನಿಗೆ ಆಗ ನಲವತ್ತರ ಹತ್ತಿರ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸುವುದು ಅವನ ಕೆಲಸ. ಒಡೆದದ್ದು ತೆಗೆದು, ಜಾರಿದ್ದು ಕೂಡಿಸಿ, ಅವನು ಇಳಿದ ಮೇಲೆ ಆ ಮನೆ ಸೋರುತ್ತಿರಲಿಲ್ಲ. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಅವರ ತಲೆಯ ಮೇಲಿನ ಹಂಚು ನೋಡುತ್ತಿದ್ದ. ಊಟಕ್ಕೆ ಕರೆದವರು ಸಾರು ಹೆಂಗಾಗಿದೆ ಎಂದು ಅವನನ್ನು ಮಾತ್ರ ಕೇಳುತ್ತಿರಲಿಲ್ಲ. ಒಮ್ಮೆ ಹೆಣ್ಣು ನೋಡಲು ಕರೆದುಕೊಂಡು ಹೋಗಿ, ಹುಡುಗಿ ಹೆಂಗೈತೋ ಎಂದು ಅವಳಪ್ಪನ ಎದುರಿಗೇ ಕೇಳಿದರು. ಅವನು ಹೇಳಿದ. ಆಮೇಲೆ ಆ ಕಡೆಯಲ್ಲಿ ಯಾರೂ ಅವನಿಗೆ ಹೆಣ್ಣು ತೋರಿಸಲಿಲ್ಲ.

ಊರವರು ಅವನನ್ನು ಅರೆಮರುಳ ಎಂದರು, ಗಾಳಿ ಸೋಕಿದೆ ಎಂದರು, ಕಡೆಗೆ ಅದೆಲ್ಲ ಹಳತಾಗಿ ಅವನು ಹಂಗೇ ಎಂದರು. ಅವನು ಹೆಂಗೆ ಎಂಬುದು ತಿಳಿದದ್ದು ಅತ್ತಿಗೆ ಗುತ್ಯಮ್ಮನಿಗೆ ಮಾತ್ರ. ಅವಳಿಗೂ ಸುಲಭಕ್ಕೆ ತಿಳಿದದ್ದಲ್ಲ. ಅವನ ಗಂಜಿಗೆ ಉಪ್ಪಿನಕಾಯಿ ತಾಗಬಾರದು. ತಾಗಿತೋ, ಬಟ್ಟಲು ದೂಡುತ್ತಿದ್ದ. ಕಂಬಳಿಯ ಅಂಚು ಕಾಲ ಕಡೆಗೇ ಬರಬೇಕು. ನೆಲ ಸಾರಿಸಿದ ದಿನ ಒಣಗುವ ತನಕ ಒಳಗೆ ಕಾಲಿಡುತ್ತಿರಲಿಲ್ಲ. ದಿನಾ ಒಂದಲ್ಲ ಒಂದು ತಕರಾರು. ಮದುವೆಯಾಗಿ ಬಂದ ಹೊಸದರಲ್ಲಿ ಗುತ್ಯಮ್ಮ, ಇವನೇ ನನಗೆ ಅತ್ತೆ ಎಂದು ತವರಿನಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಒಂದು ಸಂಜೆ ಅವನು ಉಪ್ಪಿನಕಾಯಿ ಕಲಸಿಹೋದ ಗಂಜಿಯನ್ನು ತುಟಿ ಪಿಟಕ್ಕೆನ್ನದೆ ಉಂಡೆದ್ದ. ಕೊನೆಗೂ ಬುದ್ಧಿ ಬಂತು ಎಂದು ಅವಳು ಖುಷಿಪಟ್ಟಳು. ಬೆಳಿಗ್ಗೆ ನೋಡಿದರೆ ಚೇಳು ಕಡಿದು ಕಾಲು ಬೂದುಗುಂಬಳದ ಹಾಗೆ ಬಾತಿತ್ತು. ಆವತ್ತು ಅವಳಿಗೆ ಲೆಕ್ಕ ಸಿಕ್ಕಿತು. ಬೇರೆಯವರು ನೋವಾದರೆ ಬಾಯಿ ಮಾಡುತ್ತಾರೆ, ಇವನು ನೋವಾದರೆ ಬಾಯಿ ಮುಚ್ಚುತ್ತಾನೆ.

ಹುರುಳಿಕಟ್ಟೆಗೂ ಸುತ್ತಿನ ಊರುಗಳಿಗೂ ಸೇರಿ ಒಂದೇ ಆಸ್ಪತ್ರೆ. ಡಾಕ್ಟರು ಸಂತೆಯ ದಿನ ಮಾತ್ರ ತೀರ್ಥಹಳ್ಳಿಯಿಂದ ಬರುವರು. ಉಳಿದ ದಿನಕ್ಕೆಲ್ಲ ಕಂಪೌಂಡರ್ ಹೂವಯ್ಯನೇ ಡಾಕ್ಟರು. ಆ ವರ್ಷ ಆಸ್ಪತ್ರೆಯ ಹಂಚು ಕೈಯಾಡಿಸಲು ಜಟ್ಟಿಂಗಪ್ಪನನ್ನೇ ಕರೆಸಿದ್ದರು. ಹಂಚಿನಡಿಯ ಗೆದ್ದಲು ಹಿಡಿದ ರೀಪು ಮುರಿದು ಅವನು ಮೇಲಿಂದ ಅಂಗಳಕ್ಕೆ ಬಿದ್ದ. ಹೂವಯ್ಯ ಜಗುಲಿಯಲ್ಲಿ ನಿಂತು ಕಣ್ಣಾರೆ ಕಂಡ. ಜಟ್ಟಿಂಗಪ್ಪ ಎದ್ದ, ಮಣ್ಣು ಕೊಡವಿದ, ಏಣಿ ಹತ್ತಿದ. ಹಂಚಿನ ಸಾಲು ಅರ್ಧಕ್ಕೆ ನಿಂತಿತ್ತು ನೋಡಿ. ಬಲಗೈ ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಸಾಲು ಮುಗಿಸಿ ಇಳಿದ.

"ಪೆಟ್ಟಾಯ್ತೇನೋ?" ಎಂದ ಹೂವಯ್ಯ.

"ಆಯ್ತು."

"ನೋವಿದೆಯಾ?"

"ಐತೆ."

ಹೂವಯ್ಯನಿಗೆ ಇದು ನೋವಿನ ಹಾಗೆ ಕೇಳಲಿಲ್ಲ. ಅವನ ಆಸ್ಪತ್ರೆಯಲ್ಲಿ ನೋವಿಗೊಂದು ಕ್ರಮವಿತ್ತು. ಅಯ್ಯೋ ಎಂದವರಿಗೆ ಕೆಂಪು ನೀರು. ಅಯ್ಯಯ್ಯಪ್ಪಾ ಎಂದವರಿಗೆ ಮಾತ್ರೆ. ಸತ್ತೆ ಎಂದವರಿಗೆ ಸೂಜಿ. ಜನ ಇದನ್ನು ಚೆನ್ನಾಗಿ ಕಲಿತಿದ್ದರು. ಮೇಲಿನಕೇರಿ ಹುಲಿಯಮ್ಮ ಮನೆಯಿಂದ ನೆಟ್ಟಗೆ ನಡೆದು ಬಂದು, ಆಸ್ಪತ್ರೆಯ ಮೆಟ್ಟಿಲು ಕಂಡೊಡನೆ ಸೊಂಟ ಹಿಡಿದುಕೊಂಡು, ಸತ್ತೆ ಎಂದೇ ಒಳಗೆ ಬರುತ್ತಿದ್ದಳು. ಬರೀ 'ಐತೆ' ಎಂದವನಿಗೆ ಏನು ಕೊಡುವುದೆಂದು ಕ್ರಮದಲ್ಲಿ ಇರಲಿಲ್ಲ. ಆದರೂ ಸರ್ಕಾರದ ಮಾಡಿನಿಂದಲೇ ಬಿದ್ದವನು ಎಂದು ಹೂವಯ್ಯ ಧಾರಾಳವಾಗಿ ಒಂದು ಪೊಟ್ಟಣ ಮಾತ್ರೆ ಕೊಟ್ಟ. "ನೋವು ಬಂದಾಗ ಒಂದು ನುಂಗು" ಎಂದ.

ಅಂದು ರಾತ್ರಿ ಗಂಜಿಗೆ ಉಪ್ಪಿನಕಾಯಿ ತಾಗಿತ್ತು. ಜಟ್ಟಿಂಗಪ್ಪ ಉಂಡ. ಮಾರನೇ ದಿನ ಗುತ್ಯಮ್ಮ ಬೇಕೆಂದೇ ಕಂಬಳಿ ತಿರುವು ಮುರುವು ಹಾಸಿದಳು. ಮಲಗಿದ. ನೋವೇ ಇದು ಎಂದು ಅವಳಿಗೆ ಖಾತ್ರಿಯಾಯಿತು. ಬೆಳಿಗ್ಗೆ ಪೊಟ್ಟಣ ಬಿಚ್ಚಿ ನೋಡಿದರೆ ಮಾತ್ರೆ ಒಂದೂ ಕಡಿಮೆಯಾಗಿಲ್ಲ.

"ಯಾಕೆ ನುಂಗ್ಲಿಲ್ಲ?"

"ನೋವು ಬಂದಾಗ ನುಂಗು ಅಂದ್ರು. ಬರ್ಲಿಲ್ಲ."

"ಕೇಳಿದ್ಯಾ?" ಎಂದ ಅಂಜನಪ್ಪ, ಎಲೆಗೆ ಸುಣ್ಣ ಹಚ್ಚುತ್ತಾ. "ಬಂದೇ ಇಲ್ಲಂತೆ. ನೀನೊಬ್ಳು ಸುಮ್ನೆ."

"ನೀವು ಸುಮ್ನಿರಿ. ಜಟ್ಟಿಂಗಾ, ಈಗ ನೋವು ಐತಾ?"

"ಐತೆ ಅತ್ಗೆ."

"ಮತ್ತೆ ಬರ್ಲಿಲ್ಲ ಅಂದ್ಯಲ್ಲ?"

"ಬಿದ್ದಾಗ ಬಂದಿದ್ದು. ಹೋಗ್ಲೇ ಇಲ್ಲ. ಹೋಗ್ದೇ ಇದ್ದದ್ದು ಮತ್ತೆ ಬರೋದು ಹೆಂಗೆ?"

ಗುತ್ಯಮ್ಮ ಅಲ್ಲೇ ಒಂದು ಮಾತ್ರೆ ನುಂಗಿಸಿದಳು. ಮಧ್ಯಾಹ್ನ ಕೇಳಿದರೆ, ನೋವು ಹಾಗೇ ಐತೆ, ಬಾಯಿ ಕಹಿ ಆಯ್ತು ಎಂದ. ಮಣಿಕಟ್ಟು ಕರ್ರಗೆ ತಿರುಗಿತ್ತು. ಮೂಳೆ ಅಡ್ಡ ಕೂಡಿಕೊಂಡರೆ ಆ ಕೈ ಇನ್ನು ಹಂಚು ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಾಡು ಹತ್ತದ ಜಟ್ಟಿಂಗಪ್ಪನನ್ನು ಊರವರು ಏನು ಮಾಡುತ್ತಾರೆ ಎಂಬುದೂ ಗೊತ್ತಿತ್ತು.

ಸಂತೆಯ ದಿನ ಕರೆದುಕೊಂಡು ಹೋದಳು. ಡಾಕ್ಟರು ಒಳಗಿದ್ದರು. ಅವರ ಬಾಗಿಲಿಗೆ ಹೂವಯ್ಯ ಅಡ್ಡ ಕೂತಿದ್ದ.

"ಇವನಾ? ಬಿದ್ದ ಮೇಲೆ ಮಾಡು ಹತ್ತಿ ಕೆಲಸ ಮುಗಿಸಿದವನು ಇವನು. ಮುರಿದಿದ್ರೆ ಕೂಗ್ತಿರ್ಲಿಲ್ವಾ ಗುತ್ಯಮ್ಮಾ? ಇರ್ಲಿ, ನಿನ್ನ ಸಮಾಧಾನಕ್ಕೆ ಒಂದು ಸೂಜಿ ಹಾಕ್ತೀನಿ."

ಸೀಸೆಯಲ್ಲಿ ಇದ್ದದ್ದು ಬಟ್ಟಿ ಇಳಿಸಿದ ನೀರು. ಅದು ಹೂವಯ್ಯನಿಗೂ ಗೊತ್ತು, ಸೂಜಿಗೂ ಗೊತ್ತು. ಹಾಗಂತ ಕೆಲಸ ಮಾಡುವುದಿಲ್ಲ ಎನ್ನುವ ಹಾಗಿಲ್ಲ. ಹುಲಿಯಮ್ಮನಿಗೆ ಸೂಜಿ ಹೊರಗೆ ಬರುವ ಮೊದಲೇ ಸೊಂಟ ಹಗುರಾಗುತ್ತಿತ್ತು. ಹೂವಯ್ಯ ಅವನ ಎಡತೋಳಿಗೆ ಚುಚ್ಚಿ ತಿಕ್ಕಿ, "ಈಗ ಹೆಂಗಿದೆ?" ಎಂದು ಕೇಳಿ, ಅಡ್ಡಿಲ್ಲ ಎಂಬ ಆ ಒಂದು ಮಾತಿಗಾಗಿ ಕಾದ.

ಜಟ್ಟಿಂಗಪ್ಪ ಮೇಲಿನ ಹಂಚು ನೋಡುತ್ತಾ ಹೇಳಿದ, "ಮೊದ್ಲು ಒಂದು ಕಡೆ ನೋವಿತ್ತು. ಈಗ ಎರಡು ಕಡೆ."

ಜಗುಲಿಯಲ್ಲಿ ಕೂತವರು ಕಿಸಕ್ಕೆಂದರು. ಹೂವಯ್ಯನ ಮುಖ ಕೆಂಪು ನೀರಿನ ಬಣ್ಣಕ್ಕೆ ಬಂತು. "ಕರ್ಕೊಂಡ್ ಹೋಗಮ್ಮಾ. ನೋವಿದ್ದವನ ಮಾತಾ ಇದು? ಇದು ಕೊಬ್ಬು."

ಗುತ್ಯಮ್ಮ ಮೈದುನನನ್ನು ಕಂಬದ ಮರೆಗೆ ಎಳೆದಳು. "ಒಂದ್ಸಲ ಅಯ್ಯೋ ಅನ್ನೋ."

"ಅಯ್ಯೋ" ಎಂದ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ.

"ಹಂಗಲ್ಲ. ಎಳೆದು ಅನ್ನು."

"ಎಳೆದ್ರೆ ನೋವು ಕಮ್ಮಿ ಆಗ್ತದಾ?"

"ಇಲ್ಲ."

"ಮತ್ತೆ ಯಾಕೆ?"

ಅವನ ಅಯ್ಯೋದಿಂದ ಕೆಲಸ ಆಗುವ ಹಾಗಿರಲಿಲ್ಲ. ಆದರೆ ಅವಳಿಗೆ ಗಂಟಲಿತ್ತು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಗುತ್ಯಮ್ಮನದು ಹೆಸರಾದ ಗಂಟಲು. ಬಸ್ಸು ತಪ್ಪಿ ಬಾರದೆ ಹೋದ ನೆಂಟರ ಪಾಲನ್ನೂ ಅವಳೇ ಅತ್ತು ಮುಗಿಸುತ್ತಿದ್ದಳು. ಸತ್ತವರ ಪರವಾಗಿ ಅಳಬಹುದಾದರೆ ಬದುಕಿದ್ದವನ ಪರವಾಗಿ ಯಾಕೆ ಆಗಬಾರದು? ಅವಳು ಸೆರಗು ಬಿಗಿದು ಜಗುಲಿಯ ನಡುಮಧ್ಯೆ ಕೂತು, ಸತ್ತೆನಲ್ರೋ ನನ್ನಪ್ಪಾ, ನನ್ನ ಕೈ ಹೋಯ್ತಲ್ರೋ ಎಂದು ಎತ್ತಿದಳು. ಸಂತೆಯಲ್ಲಿ ಮೆಣಸಿನಕಾಯಿ ಅಳೆಯುತ್ತಿದ್ದವರು ಅಳತೆ ಬಿಟ್ಟು ನೋಡಿದರು. ಹುಲಿಯಮ್ಮ ಮೆಚ್ಚಿಕೊಂಡು, ತನ್ನ ನರಳಾಟ ನಿಲ್ಲಿಸಿ ಕೇಳಿದಳು.

ಡಾಕ್ಟರು ಓಡಿ ಬಂದರು. "ಎಲ್ಲಮ್ಮ ನೋವು?"

"ಅವನ ಕೈಯಲ್ಲಿ."

"ಕೂಗ್ತಿರೋದು ನೀನಲ್ವಾ?"

"ನೋವು ಅವಂದು, ಕೂಗು ನಂದು. ಅವಂಗೆ ಕೂಗೋಕೆ ಬರಲ್ಲ ಡಾಕ್ಟ್ರೇ, ಅದ್ಕೆ ನಾನು ಕೂಗ್ತಾ ಇದೀನಿ. ನೀವು ನೋಡೋ ತನಕ ಕೂಗ್ತೀನಿ."

ಡಾಕ್ಟರಿಗೆ ನಗು ಬಂತು. ಆದರೂ ಕೈ ಹಿಡಿದು ಒತ್ತಿ ನೋಡಿದರು. ಜಟ್ಟಿಂಗಪ್ಪನ ಮುಖ ಹಂಚಿನ ಕಡೆಗೇ ಇತ್ತು, ಒಂದು ಗೆರೆ ಅಲುಗಲಿಲ್ಲ. ಕಾಲಿನ ಬೆರಳು ಮಾತ್ರ ನೆಲವನ್ನು ಕಚ್ಚಿ ಹಿಡಿದವು. ಡಾಕ್ಟರು ಅದನ್ನು ಕಂಡರು, ನಗು ನಿಲ್ಲಿಸಿದರು. ಕೈಗೆ ದಬ್ಬೆ ಕಟ್ಟಿ, ಅದೇ ದಿನದ ಬಸ್ಸಿಗೆ ಸಾಗರಕ್ಕೆ ಕಳಿಸಿದರು. ಅಲ್ಲಿ ಮೂಳೆಯ ಫೋಟೋ ತೆಗೆದು, ಮುರಿದದ್ದನ್ನು ಕೂಡಿಸಿ, ಗಟ್ಟಿಯಾಗುವ ಬಿಳೀ ಪಟ್ಟು ಹಾಕಿ, ನೋವಿಗೆ ಮಾತ್ರೆ ಕೊಟ್ಟು ಕಳಿಸಿದರು.

ಮುಂದಿನ ಸಂತೆಗೆ ಡಾಕ್ಟರು ಕೇಳಿದರು, "ಮಾತ್ರೆ ಹಿಡೀತಾ?"

"ಅವನಿನ್ನೂ ತಕರಾರು ಸುರು ಮಾಡಿಲ್ಲ" ಎಂದಳು ಗುತ್ಯಮ್ಮ. ಬಿಡಿಸಿ ಹೇಳಿದ ಮೇಲೆ ಡಾಕ್ಟರು ತಲೆಯಾಡಿಸಿ ಮಾತ್ರೆ ಬದಲಿಸಿದರು. ಈ ಸಲ ಅವಳು ಎದುರು ಕೂತು, ನೋವು ಬಂದಾಗ ಎಂಬ ಮಾತು ಅವರ ಬಾಯಿಂದ ಬರದ ಹಾಗೆ ಕಾದಳು. ಬೆಳಿಗ್ಗೆ ಉಂಡ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು. ಅವನು ಗಡಿಯಾರದ ಹಾಗೆ ನುಂಗಿದ. ಮೊದಲ ದಿನ ಕೂತಲ್ಲೇ ತೂಕಡಿಸಿದ. ಆಮೇಲೊಂದು ದಿನ ಬಟ್ಟಲು ದೂಡಿ, "ಉಪ್ಪಿನಕಾಯಿ ತಾಗೈತೆ" ಎಂದ. ಗುತ್ಯಮ್ಮ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು ಬೇರೆ ಗಂಜಿ ಬಡಿಸಿದಳು. ಹೊಗೆ ಎಂದಳು ಗಂಡನಿಗೆ.

ಮಾತ್ರೆ ಮುಗಿದ ಮೇಲೆ ಬಂದ ಸಂತೆಗೆ ಜಟ್ಟಿಂಗಪ್ಪ ತಾನೇ ಆಸ್ಪತ್ರೆಗೆ ನಡೆದ.

"ನೋವಿದೆಯಾ?" ಎಂದ ಹೂವಯ್ಯ.

"ಇಲ್ಲ. ಹೋಯ್ತು."

ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಆಸ್ಪತ್ರೆ ಕಟ್ಟಿದಂದಿನಿಂದ ಅಲ್ಲಿ ಅಂಥ ಮಾತು ಕೇಳಿದವರಿರಲಿಲ್ಲ. ಅಡ್ಡಿಲ್ಲ ಎನ್ನುವವರಿದ್ದರು, ಸ್ವಲ್ಪ ಉಳಿದಿದೆ ಎಂದು ಇನ್ನೊಂದು ಸೀಸೆ ಕೆಂಪು ನೀರು ಒಯ್ಯುವವರಿದ್ದರು. ಪೂರಾ ಹೋಯ್ತು ಎಂದವರಿರಲಿಲ್ಲ.

"ಮತ್ತೆ ಮಾತ್ರೆ ಎಂತಕ್ಕೋ?"

"ನಿಲ್ಸು ಅಂತ ಯಾರೂ ಹೇಳ್ಲಿಲ್ಲ."

ಒಳಗಿಂದ ಡಾಕ್ಟರು, "ನಿಲ್ಸಪ್ಪ, ಇನ್ನು ಬೇಡ" ಎಂದು ಕೂಗಿದರು. ಅವನು ಸರಿ ಎಂದು ಹೊರಟುಹೋದ.

"ಹೂವಯ್ಯಾ, ಅವಂಗೆ ಕೊಟ್ಟಿದ್ದೇ ನಂಗೂ ಕೊಡು" ಎಂದಳು ಹುಲಿಯಮ್ಮ. ಮರುಗಳಿಗೆಯಲ್ಲಿ ಏನೋ ಯೋಚನೆ ಬಂದು, "ಬೇಡ ಬಿಡು ಮಾರಾಯಾ, ಪೂರ್ತಿ ಹೋಗ್ಬಿಟ್ರೆ ಇಲ್ಲಿಗೆ ಬರೋದಾದ್ರೂ ಎಂತ ಹೇಳ್ಕೊಂಡು?" ಎಂದು ಸೊಂಟ ಹಿಡಿದುಕೊಂಡಳು.