ಪಾರ್ಕಿಂಗ್ ಆದ ಹೊಲ

ಡ್ರಿಲ್ ಮಾಸ್ತರನಿಗೆ ಸರ್ಕಾರ ಯಾವ ಕೆಲಸ ಬೇಕಾದರೂ ಹೇಳಬಹುದು. ಜನಗಣತಿ ಮಾಡಿದ್ದೇನೆ, ಓಟಿನ ಪೆಟ್ಟಿಗೆ ಕಾದಿದ್ದೇನೆ, ಪೋಲಿಯೊ ಹನಿ ಹಾಕುವವರ ಹಿಂದೆ ಐಸ್ ಡಬ್ಬಿ ಹೊತ್ತು ತಿರುಗಿದ್ದೇನೆ. ತೆಲಂಗಾಣ ರಾಜ್ಯವಾದ ಮೇಲೆ ಕೃಷ್ಣೆಗೆ ಮೊದಲ ಸಲ ಪುಷ್ಕರ ಬಂದಾಗ ನನ್ನ ಪಾಲಿಗೆ ಬಂದದ್ದು ಪಾರ್ಕಿಂಗ್. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹನ್ನೆರಡು ದಿನದ ಹೊಳೆಸ್ನಾನ ಅದು. ಮಕ್ತಲ್ ಕಡೆಯ ದಂಡೆಗೆ ಬರುವ ಗಾಡಿಗಳನ್ನೆಲ್ಲ ಹೊಳೆಯ ಮೇಲ್ಗಡೆ ಆ ವರ್ಷ ಬೀಳು ಬಿಟ್ಟಿದ್ದ ಒಂದು ಹೊಲದಲ್ಲಿ ನಿಲ್ಲಿಸಿ, ಸ್ನಾನ ಮುಗಿದ ಮೇಲೆ ಒಂದಕ್ಕೊಂದು ತಾಗದಂತೆ ಹೊರಗೆ ಬಿಡುವುದು ನನ್ನ ಕೆಲಸ. ಕೊರಳಲ್ಲಿ ಸೀಟಿ ಇದ್ದವನು ಅರ್ಧ ಪೊಲೀಸ್ ಎಂದು ತಹಶೀಲ್ ಕಚೇರಿಯವರು ತಿಳಿದಿರಬೇಕು.

ಆ ಹೊಲದ ನೆಲದಲ್ಲಿ ಒಂದು ಕೂಸು ಮಲಗಿದೆ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊಲದ ಒಡೆಯನಿಗೂ ಗೊತ್ತಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹೊಸ ರಾಜ್ಯದ್ದೂ ಅದೇ ಹುರುಪು. ಆಚೆ ದಂಡೆ ರಾಯಚೂರಿನವರದು, ಅವರಿಗಿಂತ ನಮ್ಮ ದಂಡೆ ಕಡಿಮೆ ಕಾಣಬಾರದು ಎಂದು ಹೊಸ ಮೆಟ್ಟಿಲು, ಹೊಸ ಕಮಾನು, ಹೊಸ ದೀಪ. ಹೈದರಾಬಾದಿನಿಂದ ಬಂದವರಿಗೆ ನಾವು ಕನ್ನಡದವರು, ರಾಯಚೂರಿಗೆ ಹೋದರೆ ತೆಲುಗಿನವರು. ಆ ಹನ್ನೆರಡು ದಿನ ಮಾತ್ರ ಎಲ್ಲರಿಗೂ ನಾವು ಬೇಕಾದವರಾಗಿದ್ದೆವು, ಯಾಕೆಂದರೆ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಎರಡೂ ಭಾಷೆಯಲ್ಲಿ ಬಯ್ಯಲು ನಮಗೇ ಬರುತ್ತಿತ್ತು.

ಪುಷ್ಕರಕ್ಕೆ ಮುಂಚೆ ಗುತ್ತೇದಾರನೊಬ್ಬನ ಜನ ಜೆಸಿಬಿ ತಂದು ಹೊಲದ ಒಡ್ಡು ಒಡೆದರು, ಜಾಲಿ ಕಂಟಿ ಕಿತ್ತರು, ನೆಲ ಮಟ್ಟ ಮಾಡಿದರು. ಹೊಲದಲ್ಲಿದ್ದ ಕಲ್ಲುಗಳನ್ನೆಲ್ಲ ಗುಡ್ಡೆ ಹಾಕಿ, ಸುಣ್ಣದ ನೀರಲ್ಲಿ ಅದ್ದಿ, ಗಾಡಿ ಸಾಲುಗಳ ಗುರುತಿಗೆ ಅಂತ ಉದ್ದಕ್ಕೆ ನೆಟ್ಟರು. ಸಾಲುಗಳ ನಡುವೆ ನಾನು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದೆ. ಇಷ್ಟು ವರ್ಷ ಕಬಡ್ಡಿ, ಖೋ ಖೋ ಅಂಕಣ ಹಾಕಿದ ಕೈ, ಗೆರೆ ದಾರ ಹಿಡಿದಂತೆ ಬಂತು. ನಾನೇ ದೂರ ನಿಂತು ನೋಡಿ ಮೆಚ್ಚಿಕೊಂಡೆ. ಹೊಗಳುವವರು ಬೇರೆ ಯಾರೂ ಇರಲಿಲ್ಲ.

ಮೊದಲ ದಿನವೇ ಒಂದು ಎಡವಟ್ಟು ಶುರುವಾಯಿತು. ನಾರಾಯಣಪೇಟೆಯಿಂದ ಬಂದ ಜೀಪಿನಿಂದ ಒಬ್ಬ ಮುದುಕಿ ಇಳಿದಳು. ಬೆಳ್ಳಗೆ ಸುಣ್ಣ ಹಚ್ಚಿ ನೆಟ್ಟ ಕಲ್ಲು ಕಂಡಳು, ತಾಟಿನಲ್ಲಿದ್ದ ಅರಿಶಿನ ಕುಂಕುಮ ಅದಕ್ಕೆ ಹಚ್ಚಿ ಕೈಮುಗಿದಳು. ನಮ್ಮ ಕಡೆ ಸುಣ್ಣ ಬಳಿದ ಕಲ್ಲು ಕಂಡರೆ ಯಾವ ದೇವರು ಎಂದು ಯಾರೂ ಕೇಳುವುದಿಲ್ಲ, ಮೊದಲು ಕೈಮುಗಿಯುತ್ತಾರೆ. ಅವಳ ಹಿಂದೆ ಬಂದವರು ಅರಿಶಿನ ಕಂಡು ತಾವೂ ಹಚ್ಚಿದರು. ಒಬ್ಬರು ತೆಂಗಿನಕಾಯಿ ಒಡೆದರು.

ನಾನು ಮೈಕಿನಲ್ಲಿ ಕೂಗಿದೆ: “ಅದು ದೇವರಲ್ರೀ, ಪಾರ್ಕಿಂಗ್ ಕಲ್ಲು! ಮುಂದ ನಡೀರಿ!”

“ಇರ್ಲಿ ಬಿಡ್ರಿ ಮಾಸ್ತರ, ಹಚ್ಚಿದ್ರ ಏನ್ ಕಳಕೊಂತೀವಿ?” ಎಂದ ಒಬ್ಬ ಹಿರಿಯ, ಹಚ್ಚುತ್ತಲೇ.

ಎರಡು ಮೂರು ದಿನದಲ್ಲಿ ಹೊಲದ ಒಂದು ಕಲ್ಲೂ ಅರಿಶಿನ ಇಲ್ಲದೆ ಉಳಿಯಲಿಲ್ಲ. ಮನೆಗೆ ಹೋಗಿ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಕುರಿ ಹಿಂಡು ಬಂದದ್ದು ಅದಾದ ಮೇಲೆ, ಒಂದು ಮುಂಜಾನೆ. ಗಟ್ಟು ಕಡೆಯ ಕುರುಬರು. ಭತ್ತದ ನಾಟಿಗೆ ಮುಂಚೆ ಪ್ರತಿ ವರ್ಷ ಅವರು ಈ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರಂತೆ, ಗೊಬ್ಬರಕ್ಕೆ. ಈ ವರ್ಷ ಹೊಲ ಸರ್ಕಾರಕ್ಕೆ ಹೋಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೈದರಾಬಾದಿನ ಕಾರುಗಳ ನಡುವೆ ಕುರಿ ನುಗ್ಗಿದರೆ ನನ್ನ ಗತಿ ಏನು? ಸೀಟಿ ಊದುತ್ತ ಓಡಿದೆ. ಕುರಿಗಳು ರಸ್ತೆಯಾಚೆಗೇ ನಿಂತವು. ಹೆಂಗಸೊಬ್ಬಳು ಮಾತ್ರ ನನ್ನನ್ನು ದಾಟಿಕೊಂಡು ಒಳಗೆ ಬಂದಳು. ನಲವತ್ತರ ಆಸುಪಾಸು, ಹೆಗಲ ಮೇಲೆ ಮಡಿಸಿದ ಕಂಬಳಿ.

“ಸಾರ, ಇಲ್ಲೊಂದು ಕಲ್ಲಿತ್ರಿ. ಭಂಡಾರ ಹಚ್ಚಿದ್ದು,” ಎಂದಳು. ಭಂಡಾರ ಎಂದರೆ ಮೈಲಾರನ ಅರಿಶಿನ, ಕುರುಬರ ಮನೆಯಲ್ಲಿ ಅದಿಲ್ಲದೆ ಯಾವುದೂ ನಡೆಯದು.

ನನಗೆ ಮೊದಲೇ ತಲೆ ಬಿಸಿಯಾಗಿತ್ತು. “ನೋಡವ್ವ, ಎಲ್ಲಾ ಕಲ್ಲಿಗೂ ಹಚ್ಯಾರ. ಯಾವುದು ಬೇಕು ಆರಿಸಿಕೋ,” ಎಂದೆ.

ಅವಳು ಸಾಲನ್ನು ನೋಡಿದಳು. ಮೊದಲನೆಯ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸವರಿದಳು. ಎದ್ದು ಎರಡನೆಯದಕ್ಕೆ ಹೋದಳು. ಒಂದು ಕಲ್ಲಿನ ಸುಣ್ಣವನ್ನು ಉಗುರಿನಿಂದ ಕೆರೆದಳು, ಒಂದನ್ನು ಮೂಸಿದಳು. ಕಾರಿನಲ್ಲಿ ಬಂದವರು ಇವಳೂ ಪೂಜೆ ಮಾಡುತ್ತಿದ್ದಾಳೆ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸಾಲಿನ ಕೊನೆಗೆ ಹೋಗಿ ಅಲ್ಲೇ ಕುಳಿತುಬಿಟ್ಟಳು.

ಆಮೇಲೆ ಅವಳ ಗಂಡ ಬಂದ. ಕೈಕೋಲು ನೆಲಕ್ಕೂರಿ, ನನ್ನ ಮುಖ ನೋಡದೆ ಹೇಳಿದ. “ನಮ್ಮ ಹುಡುಗಿದು ಸಾಹೇಬ್ರ. ಇನ್ನಾ ಅಂಬೆಗಾಲು ಇಡತಿತ್ತು. ಹಿಂಡು ಇಲ್ಲಿದ್ದಾಗ ಜ್ವರ ಬಂದು ಹೋತು. ಒಡ್ಡಿನ ಬಗಲಾಗ ಇಟ್ಟಿದ್ವಿ. ಮ್ಯಾಲೊಂದು ಕಲ್ಲು.”

ಕುರಿ ಕಾಯುವವರ ದಾರಿಯಲ್ಲಿ ಸಾವು ಬಂದರೆ ಹಿಂಡು ನಿಂತ ನೆಲವೇ ಮಣ್ಣು ಕೊಡುವ ಜಾಗ. ಮಣ್ಣು ಮಾಡಿ, ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಮುಂದೆ ನಡೆಯಬೇಕು, ಕುರಿಗೆ ಮೇವು ಬೇಕಲ್ಲ. ಹಾಗಾಗಿ ಇವಳು ಪ್ರತಿ ವರ್ಷ ಹೊಲಕ್ಕೆ ಕಾಲಿಟ್ಟ ಕೂಡಲೇ ಕಲ್ಲಿಗೆ ಭಂಡಾರ ಹಚ್ಚಿ, ಆ ಹೊತ್ತಿನ ಹಾಲು ಎರೆಯುತ್ತಿದ್ದಳು. ಅಲ್ಲಿ ಕುರಿ ಮಲಗಗೊಡುತ್ತಿರಲಿಲ್ಲ. ಬೇಲಿಯಿಲ್ಲ, ಗೋರಿಯಿಲ್ಲ, ಹೊಲ ತಮ್ಮದೂ ಅಲ್ಲ. ಇದ್ದದ್ದು ಆ ಅರಿಶಿನದ ಗುರುತೊಂದೇ.

ಕೆಳಗೆ ಹೊಳೆಯಲ್ಲಿ ಇಡೀ ರಾಜ್ಯ ತನ್ನ ಸತ್ತವರನ್ನು ಗೋತ್ರ ಹಿಡಿದು, ಹೆಸರು ಹಿಡಿದು ಕರೆದು ಪಿಂಡ ಬಿಡುತ್ತಿತ್ತು. ಅವರ ಗಾಡಿಗಳು ಈ ತಾಯಿಯ ಕೂಸಿನ ಮೇಲೆ ನಿಂತಿದ್ದವು. ನಿಲ್ಲಿಸಿದವನು ನಾನು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದೆ ಮೈಕ್ ಹಿಡಿದಿದ್ದ ಹೋಮ್‌ಗಾರ್ಡ್ ಮೇಲೆ ಸುಮ್ಮನೆ ರೇಗಿದೆ.

“ಗಾಡಿ ನಿಲ್ಲಸಬ್ಯಾಡ್ರಿ ಅನ್ನಾಕ ಬಂದಿಲ್ರಿ,” ಎಂದಳು ಅವಳು. “ಆಕಿ ಎಲ್ಲಿ ಅದಾಳ ಅಂತ ಗೊತ್ತಾದ್ರ, ಅಷ್ಟ ಬಿಟ್ಟು ನಿಲ್ಲಸ್ರಿ. ಗಾಲಿ ಮ್ಯಾಲ ಹೋಗಬಾರದು, ಅಷ್ಟ.”

ಹುಡುಕಿದೆವು. ಕಲ್ಲು ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಅದು ಎಲ್ಲಿಂದ ಎದ್ದು ಎಲ್ಲಿಗೆ ಬಂದಿತ್ತೋ. ಹೊಲದ ಮೂಲೆಯ ಬೇವಿನ ಮರ ಮಾತ್ರ ಉಳಿದಿತ್ತು. ಅವಳು ಮರಕ್ಕೆ ಬೆನ್ನು ಕೊಟ್ಟು ನಿಂತು ನಡೆದಳು. ಒಡ್ಡು ಇದ್ದಿದ್ದರೆ ಕಾಲಿಗೆ ಗೊತ್ತಾಗುತ್ತಿತ್ತು. ಒಡ್ಡು ಇಲ್ಲ. ಒಂದು ವ್ಯಾನಿನ ಹತ್ತಿರ ನಿಂತು “ಇಲ್ಲಿ” ಎಂದಳು. ಗಂಡ ಅದಕ್ಕಿಂತ ಕೆಳಗೆ ಕೈ ತೋರಿಸಿದ. “ನಿನಗೇನ್ ಗೊತ್ತು, ನೀ ಕುರಿ ಹಿಂದ ಇರ್ತಿದ್ದಿ,” ಎಂದು ಅವಳು ಗದರಿದಳು. ಮತ್ತೆ ಮರದಿಂದ ನಡೆದಳು. ಈ ಸಲ ಬೇರೆಯೇ ಕಡೆ ಬಂದು ನಿಂತಳು. ಅಲ್ಲಿಂದ ಗಂಡನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ತಾಯಿಯಾದವಳಿಗೇ ಜಾಗ ತಪ್ಪಿತ್ತು.

“ಇಷ್ಟರಾಗ ಎಲ್ಲೋ ಅದಾಳ್ರಿ,” ಎಂದು ಕೊನೆಗೆ ಕೈ ಅಗಲ ಮಾಡಿದಳು.

ಆ ‘ಇಷ್ಟು’ ಎರಡು ಕಬಡ್ಡಿ ಅಂಕಣದಷ್ಟಿತ್ತು. ನಾನು ಸುಣ್ಣದ ಬುಟ್ಟಿ ತಂದೆ. ಅವಳು ಮುಂದೆ ನಡೆದಳು, ಅವಳ ಹೆಜ್ಜೆ ಹಿಡಿದು ಸುತ್ತ ಗೆರೆ ಹಾಕಿದೆ. ಕನ್ನಡ, ತೆಲುಗು, ಬಂದಷ್ಟು ದಖನಿ ಉರ್ದುವಿನಲ್ಲಿ ಕೂಗಿ ಕೂಗಿ ಒಳಗಿದ್ದ ಗಾಡಿಗಳನ್ನು ತೆಗೆಸಿದೆ. ಸ್ನಾನಕ್ಕೆ ಹೋದ ಡ್ರೈವರುಗಳು ಒದ್ದೆ ಪಂಚೆಯಲ್ಲಿ ಬಯ್ಯುತ್ತ ಬಂದರು. ಎಲ್ಲರಿಗೂ ಕತೆ ಹೇಳುತ್ತ ಕೂಡಲು ಹೊತ್ತೆಲ್ಲಿತ್ತು? ಹಲಗೆಯ ಮೇಲೆ ‘ವಿಐಪಿ’ ಎಂದು ಬರೆದು ನಡುವೆ ನಿಲ್ಲಿಸಿಬಿಟ್ಟೆ.

ಕೂಸಿನ ಗೋರಿ ಎಂದಿದ್ದರೆ ಹತ್ತು ಜನ ಹತ್ತು ಮಾತಾಡುತ್ತಿದ್ದರು. ವಿಐಪಿ ಎಂದದ್ದಕ್ಕೆ ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ. ಬಂದೋಬಸ್ತಿನ ಸರ್ಕಲ್ ಇನ್‌ಸ್ಪೆಕ್ಟರ್ ಹಲಗೆ ನೋಡಿ, ಯಾವ ವಿಐಪಿ ಎಂದು ಸಹ ಕೇಳದೆ ಸುತ್ತ ಹಗ್ಗ ಕಟ್ಟಿಸಿದರು, ಕಾಯಲು ಇಬ್ಬರು ಪೇದೆಗಳನ್ನು ಹಾಕಿದರು. ಕುರುಬರು ಹಿಂಡನ್ನು ರಸ್ತೆಯಾಚೆಯ ಬಂಜರಿನಲ್ಲಿ ಇಳಿಸಿಕೊಂಡರು. ಅವಳು ದಿನವೂ ರಸ್ತೆಯಂಚಿಗೆ ಬಂದು ಹಗ್ಗ ಇದೆಯೇ ಎಂದು ನೋಡಿ ಹೋಗುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಎಲ್ಲಿ ಕೂಸಿನ ಮೇಲೆ ಕಾಲಿಟ್ಟುಬಿಡುತ್ತೇನೋ ಎಂಬ ಹೆದರಿಕೆ.

ಭಾನುವಾರ ಜನ ಮುಗಿಬಿದ್ದರು. ಗದ್ವಾಲ್ ಕಡೆಯ ಗಾಡಿಗಳೂ ಇತ್ತಲೇ ತಿರುಗಿದವು. ಸೂಜಿ ಊರಲು ಜಾಗವಿಲ್ಲ. ಅಂಥದರಲ್ಲಿ ನಿಜವಾದ ದೊಡ್ಡ ಮನುಷ್ಯರೊಬ್ಬರ ಕಾರುಗಳ ಸಾಲೇ ಬಂತು. ಇನ್‌ಸ್ಪೆಕ್ಟರ್ ಹಗ್ಗ ಬಿಚ್ಚಿಸಿ ಒಳಕ್ಕೆ ಕೈಬೀಸಿದರು. ರಸ್ತೆಯಂಚಿನಲ್ಲಿ ಅವಳು ನಿಂತಿದ್ದಳು.

ನಾನು ಓಡಿಹೋಗಿ ಮುಂದಿನ ಕಾರಿಗೆ ಅಡ್ಡ ನಿಂತೆ. ಸುಳ್ಳೇಕೆ ಹೇಳಲಿ, ಅಮಾನತ್ತು, ಮೆಮೊ, ಎಲ್ಲ ಕಣ್ಣ ಮುಂದೆ ಬಂದವು.

“ಏಂದಿ ಸಾರ್ ಇದಿ?” ಇದೇನು ಎಂದು ಇನ್‌ಸ್ಪೆಕ್ಟರ್ ಕೆಂಪಾದರು. ವಿಐಪಿ ಜಾಗಕ್ಕೆ ವಿಐಪಿ ಬಂದರೆ ಅಡ್ಡ ನಿಲ್ಲುವ ಮಾಸ್ತರನನ್ನು ಅವರು ಎಲ್ಲಿ ನೋಡಿರಬೇಕು.

ಹಲಗೆ ಸುಳ್ಳು ಎಂದು ಅವರ ಕಿವಿಯ ಹತ್ತಿರ ತೆಲುಗಿನಲ್ಲಿ ಹೇಳಿದೆ. ಇಲ್ಲಿ ಒಂದು ಕೂಸನ್ನು ಹೂತಿದ್ದಾರೆ, ತಾಯಿ ಅಲ್ಲಿ ನಿಂತಿದ್ದಾಳೆ ಎಂದೆ. ಅವರು ಅವಳ ಕಡೆ ನೋಡಿದರು. “ಎಕ್ಕಡ?” ಎಂದರು, ಎಲ್ಲಿ ಎಂದು. ಅಷ್ಟು ಜಾಗ ತೋರಿಸಿದರೆ ಉಳಿದದ್ದರಲ್ಲಿ ಕಾರು ನಿಲ್ಲಿಸೋಣ ಎನ್ನುವ ಲೆಕ್ಕ.

“ಅದೇ ಗೊತ್ತಿಲ್ಲ ಸಾರ್. ಈ ಗೆರೆಯೊಳಗೆ ಎಲ್ಲೋ.”

ಅವರು ಗೆರೆಯೊಳಗೇ ನಿಂತಿದ್ದರು. ತಮ್ಮ ಬೂಟು ನೋಡಿಕೊಂಡರು. ಮೆಲ್ಲಗೆ, ಒಂದೊಂದೇ ಕಾಲೆತ್ತಿ, ಹಿಂದೆ ಸರಿದು ಹೊರಗೆ ಬಂದರು. ಕಾರುಗಳನ್ನು ವಾಪಸು ತಿರುಗಿಸಿ ಮೆಟ್ಟಿಲ ಬಳಿಗೇ ಕಳಿಸಿದರು. ಅಲ್ಲಿ ಏನು ಹೇಳಿ ಒಪ್ಪಿಸಿದರೋ ನನಗೆ ತಿಳಿಯದು. ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು ನನ್ನನ್ನು ಚೆನ್ನಾಗಿ ಝಾಡಿಸಿದರು. ಬೈಗುಳ ಅಷ್ಟು ಹಿತವಾದದ್ದು ಅದೊಂದೇ ಸಲ.

ಪುಷ್ಕರ ಮುಗಿದ ದಿನ ಸಂಜೆ ಹೊಲ ಖಾಲಿಯಾಯಿತು. ಎಲೆ, ಬಾಳೆಹಣ್ಣಿನ ಸಿಪ್ಪೆ, ಒಡೆದ ತೆಂಗಿನ ಚಿಪ್ಪು, ಅರಿಶಿನದ ಕಲ್ಲುಗಳು. ಹಗ್ಗ ಬಿಚ್ಚಿದೆವು. ಅವಳು ಚರಿಗೆಯಲ್ಲಿ ಹಾಲು ತಂದಳು. ಚಪ್ಪಲಿ ಬಿಟ್ಟು ಗೆರೆಯ ಅಂಚಿನಲ್ಲಿ ನಿಂತಳು. ಎಲ್ಲಿ ಎರೆಯಬೇಕು ಎಂದು ಗೊತ್ತಿಲ್ಲದವಳು ಎಲ್ಲ ಕಡೆಯೂ ಎರೆಯಬೇಕಲ್ಲ. ಸಣ್ಣ ಧಾರೆಯಾಗಿ ಬಿಡುತ್ತ ನಡೆದಳು. ಅರ್ಧ ದಾರಿಗೂ ಮುಂಚೆ ಚರಿಗೆ ಬರಿದಾಯಿತು. ಗಂಡ ಹೋಗಿ ಕುರಿಗಳ ಜೊತೆಗಿದ್ದ ಆಡುಗಳ ಹಾಲು ಹಿಂಡಿಕೊಂಡು ಬಂದ. ಅದೂ ಮುಗಿಯಿತು. ಮತ್ತೆ ಹೋದ. ಮರಿಗಳು ಹಾಲಿಗಾಗಿ ರಸ್ತೆಯಾಚೆ ಅರಚತೊಡಗಿದವು.

“ಸಾಕು ಬಿಡವ್ವ, ಮುಟ್ಟಿರ್ತೈತಿ,” ಎಂದೆ.

“ಆ ಮೂಲಿ ಉಳದೈತ್ರಿ,” ಎಂದು ಚರಿಗೆ ನನ್ನ ಕೈಗೆ ಕೊಟ್ಟಳು. “ಗೆರಿ ನೀವ ಹಾಕಿದ್ರಿ. ಅಷ್ಟು ನೀವ ಹಾಕ್ರಿ.”

ಬೂಟು ಕಳಚಿ ಒಳಗೆ ಹೋದೆ. ಗಟ್ಟಿ ನೆಲ, ಗಾಲಿಯ ಅಚ್ಚು ಇನ್ನೂ ಇತ್ತು. ಪ್ರತಿ ಹೆಜ್ಜೆಗೂ ಇಲ್ಲೇ ಇರಬಹುದೇ ಎಂದು ಅನಿಸಿ ಕಾಲು ಹಗುರ ಇಟ್ಟೆ. ಕೂಸಿನ ಹೆಸರನ್ನೂ ನಾನು ಕೇಳಿರಲಿಲ್ಲ. ಹಾಲು ಮುಗಿಯಿತು, ಮೂಲೆ ಪೂರಾ ಆಗಲಿಲ್ಲ. ತಿರುಗಿ ನೋಡಿದರೆ ಅವಳು ಗೆರೆಯ ಹೊರಗೆ ಕುಳಿತು, ಆ ಖಾಲಿ ನೆಲವನ್ನು ಆಚೆಯಿಂದ ಈಚೆಯವರೆಗೆ ನೋಡುತ್ತಿದ್ದಳು.

“ಇಷ್ಟು ದೊಡ್ಡ ಜಾಗ ಏನ್ ಮಾಡ್ತಾಳ್ರಿ ಆಕಿ?” ಎಂದಳು. “ಇಷ್ಟ ಇದ್ಲು.” ಹೆಗಲಿನಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದಳು.