ಚಂದ್ರಾ ಲೇಔಟಿನ ಪೇಪರ್ ರುದ್ರಮುನಿ

ಚಂದ್ರಾ ಲೇಔಟಿನಲ್ಲಿ ಮೂವತ್ತೆಂಟು ವರ್ಷ ಪತ್ರಿಕೆ ಹಾಕಿದ ರುದ್ರಮುನಿಯವರು ಇಂದೇ ಕೊನೆಯ ದಿನವೆಂದು ತೀರ್ಮಾನಿಸಿದ್ದರು. ಮುನ್ನೂರು ಮನೆಗಳಲ್ಲಿ ಉಳಿದಿದ್ದುದು ನಲವತ್ತು; ಮಿಕ್ಕವರಿಗೆ ಮೊಬೈಲೇ ಸಾಕಾಗಿತ್ತು. ಮನೆಗಳೆಲ್ಲ ಮಂಜಿನಲ್ಲಿ ತೇಲುತ್ತಿದ್ದವು. ಸೈಕಲ್ಲು ಕನಸಿನಲ್ಲೆಂಬಂತೆ ತಾನೇ ಸಾಗುತ್ತಿತ್ತು. ಹಳೆಯ ಅಭ್ಯಾಸದ ಕೈ, ಹೋದ ವರ್ಷವೇ ಪತ್ರಿಕೆ ನಿಲ್ಲಿಸಿದ್ದ ಶಿವಕ್ಕನವರ ವರಾಂಡಕ್ಕೂ ಒಂದನ್ನು ಎಸೆದುಬಿಟ್ಟಿತು.

“ತಪ್ಪಾಯ್ತಮ್ಮಾ, ವಾಪಸ್ ಕೊಡಿ,” ಎಂದು ಅವರು ಗೇಟಿನ ಬಳಿ ನಿಂತರು.

ಶಿವಕ್ಕ ಆಗಲೇ ಮೆಟ್ಟಿಲ ಮೇಲೆ ಕೂತು ಪುಟ ಬಿಡಿಸಿದ್ದರು. “ಕೊಡಲ್ಲ ಹೋಗಿ! ಮೊಬೈಲಲ್ಲಿ ಎಷ್ಟು ಓದಿದ್ರೂ ಮುಗಿಯೋದೇ ಇಲ್ಲ ರುದ್ರಮುನಿಯವರೇ. ಇದಕ್ಕಾದ್ರೆ ಕೊನೇ ಪುಟ ಅಂತ ಒಂದಿದೆ. ನಾಳೆಯಿಂದ ಹಾಕಿ.”

“ನಾಳೆನಾ?” ಎಂದ ರುದ್ರಮುನಿಯವರು ಸೈಕಲ್ಲು ಹತ್ತಿದರು. “ಆರು ಗಂಟೆಗೆ ಬರ್ತೀನಮ್ಮಾ,” ಎಂದು ಪೆಡಲು ತುಳಿದರು.